ಬಾವಿಯ ಲೆಕ್ಕ, ರಕ್ತದ ಗುಟ್ಟು

ಬಗದಲ್ ಹತ್ತಿರ ನಮ್ಮ ಕಾಕಾ ಅವರ ಹೊಲದಲ್ಲಿ ಒಂದು ಬೋರ್‌ವೆಲ್ ಇದೆ. ಅದಕ್ಕಿಂತ ಮೊದಲು ತೋಡಿದ ಬಾವಿ ಪಕ್ಕದಲ್ಲೇ ಅರ್ಧ ಹೂಳು ತುಂಬಿಕೊಂಡು ಬಿದ್ದಿದೆ. ಕೆಲವು ವರ್ಷಗಳ ಹಿಂದೆ ಜೀಪಿನಲ್ಲಿ ಮೂವರು ಬಂದರು. ಬೋರಿನ ನೀರು ಸ್ವಲ್ಪ ಹೊತ್ತು ಹರಿಯಲು ಬಿಟ್ಟು, ಎರಡು ಪ್ಲಾಸ್ಟಿಕ್ ಬಾಟಲಿ ತುಂಬಿಕೊಂಡರು. ಚೀಟಿ ಅಂಟಿಸಿ ಕಾಕಾ ಅವರ ಹೆಸರು, ಸರ್ವೆ ನಂಬರು, ಬೋರಿನ ಆಳ ಬರೆದುಕೊಂಡರು. ಚಹಾ ಕುಡಿದರು. "ರಿಪೋರ್ಟ್ ಬರ್ತದೇನ್ರಿ?" ಎಂದು ಕಾಕಾ ಕೇಳಿದ್ದಕ್ಕೆ "ಬರ್ತದ, ಬರ್ತದ" ಅಂದರು. ಬರಲಿಲ್ಲ. ಇವತ್ತಿಗೂ ಆ ಮಾತು ಎತ್ತಿದರೆ ಕಾಕಾ ಹೇಳುವುದು ಒಂದೇ: "ನೀರ ಒಯ್ದ್ರು, ಸುದ್ದಿ ಹೊಳ್ಳಿ ತರ್ಲಿಲ್ಲ ನೋಡು ತಮ್ಮಾ."

ಅದೇ ಸುಮಾರಿಗೆ ಅಲ್ಲಿ ಒಂದು ರಕ್ತ ತಪಾಸಣೆಯ ಶಿಬಿರವೂ ನಡೆಯಿತು. ಬೆರಳಿಗೆ ಸೂಜಿ ಚುಚ್ಚಿ ಒಂದೊಂದು ಹನಿ ತೆಗೆದುಕೊಂಡರು. ಆಮೇಲೆ ಪಟ್ಟಿ ನೋಡಿ ಹೆಸರು ಕೂಗಿ, ಯಾರಿಗೆ ಎಷ್ಟು ಎಂದು ಎಲ್ಲರ ಮುಂದೆಯೇ ಹೇಳಿದರು. ಓಣಿಯ ಹುಡುಗಿಯೊಬ್ಬಳಿಗೆ "ದೊಡ್ಡ ದವಾಖಾನಿಗಿ ಒಮ್ಮೆ ತೋರಿಸ್ರಿ" ಅಂದರಂತೆ. ಸಂಜೆಯ ಹೊತ್ತಿಗೆ "ಆ ಹುಡುಗಿ ರಕ್ತದಾಗ ಏನೋ ಅದಂತ" ಎಂಬ ಮಾತು ಕಟ್ಟೆಯ ಮೇಲೆ ಬಂದು ಕೂತಿತ್ತು. ಇದ್ದದ್ದು ಕಬ್ಬಿಣದ ಅಂಶ ಕಡಿಮೆ, ಅಷ್ಟೇ. ಮಾತ್ರೆ ತಿಂದು ಸರಿಹೋಯಿತು. ಆದರೆ ಎರಡು ವರ್ಷದ ಮೇಲೆ ಹೆಣ್ಣು ನೋಡಲು ಬಂದವರು ಅದನ್ನೇ ಎತ್ತಿ ಕೇಳಿದರು.

ಈ ಎರಡು ಸಂಗತಿಗಳನ್ನು ನಾನು ಬಹಳ ದಿನ ಬೇರೆ ಬೇರೆಯಾಗಿಯೇ ನೆನಪಿಟ್ಟುಕೊಂಡಿದ್ದೆ. ಒಂದು ಸರ್ಕಾರಿ ಆಲಸ್ಯದ ಕಥೆ, ಇನ್ನೊಂದು ಊರ ಬಾಯಿಯ ಕಥೆ ಎಂದುಕೊಂಡಿದ್ದೆ. ಈಗ ಎರಡೂ ಒಂದೇ ಪ್ರಶ್ನೆಯ ಎರಡು ಮುಖ ಅನ್ನಿಸುತ್ತಿದೆ. ವಿಜ್ಞಾನಕ್ಕೆ ಮಾದರಿ ಬೇಕು. ಒಂದು ಬಾಟಲಿ ನೀರು, ಒಂದು ಹನಿ ರಕ್ತ. ಅದನ್ನು ಕೊಟ್ಟವರಿಗೆ ವಿಜ್ಞಾನ ಏನನ್ನು ಬಾಕಿ ಉಳಿಸಿಕೊಳ್ಳುತ್ತದೆ? ಉಪ್ಪಿನ ಋಣ, ನೀರಿನ ಋಣ ಎಂದು ನಮ್ಮಲ್ಲಿ ಮಾತಿದೆ. ಮಾದರಿಗೂ ಒಂದು ಋಣ ಇದೆಯೇ? ಇದ್ದರೆ ಅದನ್ನು ತೀರಿಸುವುದು ಹೇಗೆ?

"ಸಿಕ್ಕಿದ್ದನ್ನು ಹೇಳಿಬಿಡುವುದು" ಎಂಬುದು ಸುಲಭದ ಉತ್ತರ. ಆದರೆ ಶಿಬಿರದವರು ಹೇಳಿಯೇ ಹೇಳಿದರು. ಹೇಳಿದ್ದರಿಂದಲೇ ಆ ಹುಡುಗಿಗೆ ತೊಂದರೆಯಾಯಿತು. ಜೀಪಿನವರು ಹೇಳದೆ ಹೋದರು. ಅದರಿಂದ ಆದ ತೊಂದರೆ ಏನು ಎಂದು ತಿಳಿಯಬೇಕಾದರೆ ಮೊದಲು ನೀರಿನೊಳಗೆ ಇಳಿಯಬೇಕು.

ಬೀದರ್ ಪಟ್ಟಣ ಮತ್ತು ಅದರ ಸುತ್ತಲಿನ ಪ್ರಸ್ಥಭೂಮಿ ನಿಂತಿರುವುದು ಪಠ್ಯಪುಸ್ತಕಗಳು ಜಂಬಿಟ್ಟಿಗೆ ಎಂದು ಕರೆಯುವ ಕೆಂಪು ತೂತುಗಲ್ಲಿನ ಮೇಲೆ. ಅದರ ಕೆಳಗೆ ದಖ್ಖನ್ನಿನ ಕಪ್ಪು ಶಿಲೆ. ಮಳೆ ನೀರು ಕೆಂಪು ಕಲ್ಲಿನ ತೂತುಗಳಲ್ಲಿ ಸರಸರನೆ ಇಳಿಯುತ್ತದೆ, ಕೆಳಗಿನ ಗಟ್ಟಿ ಪದರಕ್ಕೆ ತಾಗಿ ಅಡ್ಡ ಹರಿಯುತ್ತದೆ, ಎಲ್ಲೋ ಒಂದು ಕಡೆ ಝರಿಯಾಗಿ ಹೊರಬರುತ್ತದೆ. ಗುರುನಾನಕ್ ಝಿರಾದ ನೀರು, ಭಕ್ತರು ಎದೆಮಟ್ಟ ಮುಳುಗಿ ನಡೆದು ದರ್ಶನ ಮಾಡುವ ಝರಣಿ ನರಸಿಂಹನ ಗುಹೆಯ ನೀರು, ಎಲ್ಲವೂ ಈ ಕಲ್ಲಿನ ಕೊಡುಗೆಯೇ. ಹದಿನೈದನೆಯ ಶತಮಾನದಲ್ಲಿ ಬಹಮನಿಗಳ ಕಾಲದವರು ಇದನ್ನು ಅರಿತಿದ್ದರು. ಪರ್ಷಿಯಾದ ವಿದ್ಯೆಯನ್ನು ತಂದು ನೌಬಾದಿನಲ್ಲಿ ನೆಲದೊಳಗೆ ಕಾಲುವೆ ಕೊರೆದು, ಮೇಲಿನಿಂದ ಸಾಲಾಗಿ ಬಾವಿಗಳನ್ನು ಇಳಿಸಿದರು. ಜನ ಅದನ್ನು ಸುರಂಗ ಬಾವಿ ಅನ್ನುತ್ತಾರೆ, ಇತಿಹಾಸಕಾರರು ಕರೇಜ್ ಅನ್ನುತ್ತಾರೆ. ಒಂದು ಬಾವಿಯಲ್ಲಿ ಬಗ್ಗಿ ನೋಡಿದರೆ ಕಾಣುವುದು ಆ ಬಾವಿಯ ನೀರಲ್ಲ, ಮೇಲಿನಿಂದ ಬಂದು ಕೆಳಗಿನ ಬಾವಿಗೆ ಹೋಗುತ್ತಿರುವ ನೀರು.

ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಕಾಕಾ ಅವರ ಬೋರಿಗೂ ಅದು ಅನ್ವಯಿಸುತ್ತದೆ. ಸರ್ವೆ ನಂಬರು ನೆಲದ ಮೇಲೆ ಮಾತ್ರ. ಕೆಳಗೆ ನೀರಿಗೆ ಬದುವಿಲ್ಲ.

ಕಲ್ಲಿನ ತೂತುಗಳಲ್ಲಿ ಮಳೆ ಇಳಿಯುವಾಗ ನೆಲದ ಮೇಲಿದ್ದುದನ್ನೂ ಕರಗಿಸಿಕೊಂಡು ಇಳಿಯುತ್ತದೆ. ಕಬ್ಬಿಗೆ ಹಾಕಿದ ಯೂರಿಯಾ, ತಿಪ್ಪೆ, ಪಾಯಖಾನೆಯ ಗುಂಡಿ, ಕೊಟ್ಟಿಗೆಯ ಗಂಜಲ, ಇವೆಲ್ಲದರಲ್ಲೂ ಇರುವ ಸಾರಜನಕ ಮಣ್ಣಿನ ಸೂಕ್ಷ್ಮಜೀವಿಗಳ ಕೈಯಲ್ಲಿ ನೈಟ್ರೇಟ್ ಆಗುತ್ತದೆ. ನೈಟ್ರೇಟನ್ನು ಮಣ್ಣು ಹಿಡಿದಿಟ್ಟುಕೊಳ್ಳುವುದಿಲ್ಲ. ಅದು ನೀರಿನ ಜೊತೆ ಹೊರಟುಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೂ ಸಿಗುವುದಿಲ್ಲ. ಕಾಯಿಸಿದರೆ ಹೋಗುವುದೂ ಇಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚೇ ಆಗುತ್ತದೆ. ನೀರು ಕುದಿಸಿ ಕೊಡಿ ಎಂದು ಎಲ್ಲರಿಗೂ ಹೇಳುವ ಬುದ್ಧಿಮಾತು ಇಲ್ಲಿ ತಿರುಗುಬಾಣವಾಗುತ್ತದೆ.

ಯೂರಿಯಾವನ್ನು ಖಳನಾಯಕನನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. 1909ರಲ್ಲಿ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸಿ ತೋರಿಸಿದ. ಇವತ್ತು ಜಗತ್ತಿನ ಅರ್ಧದಷ್ಟು ಜನರ ಊಟ ಆ ಸಾರಜನಕದ ಮೇಲೆ ನಿಂತಿದೆ ಎಂದು ಅಂದಾಜು. ನಾವು ಉಣ್ಣುವ ರೊಟ್ಟಿಯಲ್ಲೂ ಅದರ ಪಾಲಿದೆ. ಬೆಳೆ ಹೀರಿಕೊಂಡು ಉಳಿದದ್ದು ಎಲ್ಲಿಗೆ ಹೋಗುತ್ತದೆ, ಅದರ ಲೆಕ್ಕ ಯಾರ ಹತ್ತಿರ ಇದೆ ಎಂಬುದಷ್ಟೇ ಪ್ರಶ್ನೆ.

ಲೆಕ್ಕ ಇದೆ. ಭಾರತದ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಕೇಂದ್ರ ಅಂತರ್ಜಲ ಮಂಡಳಿ 2024ರ ಕೊನೆಯಲ್ಲಿ ಹೊರತಂದ ವರದಿಯ ಪ್ರಕಾರ, ಕರ್ನಾಟಕದಲ್ಲಿ ಪರೀಕ್ಷಿಸಿದ ಅಂತರ್ಜಲದ ಮಾದರಿಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಈ ಮಿತಿಯನ್ನು ದಾಟಿದ್ದವು. ರಾಜಸ್ಥಾನ ಬಿಟ್ಟರೆ ಅತಿ ಹೆಚ್ಚು ನಮ್ಮಲ್ಲೇ. ಆ ಮಾದರಿಗಳಲ್ಲಿ ಪ್ರತಿಯೊಂದೂ ಯಾವುದೋ ಒಂದು ಊರಿನ ಒಂದು ಬಾವಿಯದು. ವರದಿಯನ್ನು ಓದಿದವರು ಎಷ್ಟೋ ಜನ. ಆ ಬಾವಿಯಿಂದ ದಿನಾ ಕೊಡ ತುಂಬುವವರಲ್ಲಿ ಅದನ್ನು ಓದಿದವರು ಎಷ್ಟು ಜನ ಇದ್ದಾರು?

ಈ ಲೆಕ್ಕ ರಕ್ತಕ್ಕೆ ಸಂಬಂಧಿಸಿದ್ದು ಎಂದು ಮೊದಲು ಸ್ಪಷ್ಟವಾಗಿ ಬರೆದವನು ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ, 1945ರಲ್ಲಿ. ಹೊಲಮನೆಗಳ ಎಳೆಗೂಸುಗಳು ನೀಲಿಗಟ್ಟಿ ಆಸ್ಪತ್ರೆಗೆ ಬರುತ್ತಿದ್ದವು. ಹೃದಯದಲ್ಲಿ ದೋಷವಿರಲಿಲ್ಲ, ಶ್ವಾಸಕೋಶದಲ್ಲೂ ಇರಲಿಲ್ಲ. ತಾಯಿಯ ಹಾಲಿನ ಬದಲು ಬಾವಿ ನೀರಿನಲ್ಲಿ ಕಲಸಿದ ಹಾಲು ಕುಡಿಯುತ್ತಿದ್ದ ಕೂಸುಗಳು ಅವು. ಕಾಮ್ಲಿ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿದ. ನೈಟ್ರೇಟ್ ಬಹಳ ಇತ್ತು. ಕೂಸಿನ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತ ಸೇರುತ್ತದೆ. ಅಲ್ಲಿ ಹಿಮೋಗ್ಲೋಬಿನ್ನಿನ ಕಬ್ಬಿಣದಿಂದ ಒಂದು ಎಲೆಕ್ಟ್ರಾನನ್ನು ಕಸಿಯುತ್ತದೆ. ಹಾಗಾದ ಹಿಮೋಗ್ಲೋಬಿನ್ನಿಗೆ ಮೆಥೆಮೋಗ್ಲೋಬಿನ್ ಎಂದು ಹೆಸರು. ಅದು ಆಮ್ಲಜನಕವನ್ನು ಹೊರಲಾರದು. ರಕ್ತ ಚಾಕೊಲೇಟಿನ ಬಣ್ಣಕ್ಕೆ ತಿರುಗುತ್ತದೆ. ದೊಡ್ಡವರ ರಕ್ತದಲ್ಲಿ ಇದನ್ನು ಮತ್ತೆ ಸರಿಮಾಡುವ ಕಿಣ್ವ ಸಾಕಷ್ಟು ಇರುತ್ತದೆ. ಮೊದಲ ಕೆಲವು ತಿಂಗಳ ಕೂಸಿನಲ್ಲಿ ಅದು ಕಡಿಮೆ.

ಇಲ್ಲಿ ಒಂದು ಮಾತು ಸೇರಿಸಬೇಕು. ನೈಟ್ರೇಟ್ ಒಂದೇ ಸಾಕೇ, ಅಥವಾ ಹೊಲಸು ನೀರಿನಿಂದ ಬರುವ ಕರುಳಿನ ಸೋಂಕೂ ಜೊತೆಗೂಡಬೇಕೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆದಿದೆ. ಮಿತಿ ದಾಟಿದ ನೀರು ಕುಡಿದ ಕೂಸುಗಳೆಲ್ಲ ನೀಲಿಗಟ್ಟುವುದಿಲ್ಲ. ತಾಯಿಯ ಹಾಲು ಕುಡಿಯುವ ಕೂಸಿಗೆ ಅಪಾಯ ಇಲ್ಲವೆನ್ನುವಷ್ಟು ಕಡಿಮೆ. ಸತ್ಯ ಹೇಳುವುದಾದರೆ ಇದನ್ನೂ ಹೇಳಬೇಕು. ಅರ್ಧ ಹೇಳಿ ಹೆದರಿಸುವುದು ಋಣ ತೀರಿಸಿದ ಹಾಗಲ್ಲ.

ಇಷ್ಟು ತಿಳಿದ ಮೇಲೆ ಜೀಪಿನವರ ಮೌನ ಎಂಥದು ಎಂದು ಅರ್ಥವಾಗುತ್ತದೆ. ಅವರು ಕಾಕಾ ಅವರಿಗೆ ಮಾತ್ರ ಬಾಕಿ ಉಳಿಸಿಕೊಂಡಿಲ್ಲ. ಆ ನೀರು ಕುಡಿಯುವ ಪ್ರತಿಯೊಬ್ಬರಿಗೂ, ಅದೇ ಪದರದಿಂದ ನೀರೆತ್ತುವ ಅಕ್ಕಪಕ್ಕದ ಬೋರಿನವರಿಗೂ ಬಾಕಿ ಇದ್ದಾರೆ. ನೀರಿನ ಫಲಿತಾಂಶ ಬಾವಿಯ ಯಜಮಾನನ ಸ್ವತ್ತಲ್ಲ, ಊರಿನದು.

ನಮ್ಮ ರೈತರಿಗೆ ಈ ನ್ಯಾಯ ಹೊಸದೇನಲ್ಲ. ಎಳೆ ಜೋಳದ ಪೈರಿನಲ್ಲಿ, ಅದರಲ್ಲೂ ಮಳೆ ಇಲ್ಲದೆ ಬಾಡಿದ ಪೈರಿನಲ್ಲಿ, ದನ ಕೊಲ್ಲುವಷ್ಟು ವಿಷ ಇರುತ್ತದೆ. ರಸಾಯನಶಾಸ್ತ್ರ ಅದನ್ನು ಸಯನೈಡ್ ಅನ್ನುತ್ತದೆ. ರೈತನಿಗೆ ಆ ಹೆಸರು ಬೇಕಿಲ್ಲ. ಯಾರದೋ ದನ ಎಳೆ ಜೋಳಕ್ಕೆ ನುಗ್ಗಿದ್ದು ಕಂಡರೆ ದಾರಿಯಲ್ಲಿ ಹೋಗುವವರು ಯಾರೇ ಆಗಲಿ ಕೂಗಿ ಹೇಳುತ್ತಾರೆ. ಜಗಳ ಇದ್ದವರ ದನವಾದರೂ ಕೂಗುತ್ತಾರೆ. ಇದು ನನ್ನ ಜ್ಞಾನ, ಸಮಯ ಬಂದಾಗ ಪ್ರಕಟಿಸುತ್ತೇನೆ ಎಂದು ಯಾರೂ ಸುಮ್ಮನೆ ನಿಲ್ಲುವುದಿಲ್ಲ.

ನೀರಿನ ವಿಷಯ ಹಾಗೆ ಎಲ್ಲರ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಒಳ್ಳೆಯ ಉದಾಹರಣೆ ಕೆನಡಾದ ಒಂದು ಸಣ್ಣ ಕೆರೆ. ಅದಕ್ಕೆ ಹೆಸರೂ ಇಲ್ಲ, 226 ಎಂಬ ನಂಬರು ಮಾತ್ರ. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಅವನ ಸಂಗಡಿಗರು ಅದರ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ ಹಾಕಿದರು. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ಪಾಚಿಗಟ್ಟಿ ಹಸಿರಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ಆಕಾಶದಿಂದ ತೆಗೆದ ಅದರ ಚಿತ್ರವನ್ನು ನೋಡಿದವರಿಗೆ ಕೋಷ್ಟಕ ಬೇಕಾಗಲಿಲ್ಲ. ಬಟ್ಟೆ ತೊಳೆಯುವ ಪುಡಿಯಲ್ಲಿ ಫಾಸ್ಫೇಟಿಗೆ ಮಿತಿ ಹಾಕುವ ಕಾನೂನುಗಳ ಹಿಂದೆ ಆ ಒಂದು ಚಿತ್ರದ ಬಲವೂ ಇತ್ತು. ನಮ್ಮಲ್ಲೂ ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆಯುಕ್ಕಿ ರಸ್ತೆಗೆ ಬಂದಾಗ, ಅದಕ್ಕೆ ಬೆಂಕಿ ಹತ್ತಿದಾಗ ದೇಶವೆಲ್ಲ ನೋಡಿತು, ಹಸಿರು ನ್ಯಾಯಮಂಡಳಿಯೂ ಕೇಳಿತು. ಬಗದಲ್‌ನ ಬೋರಿನ ನೀರಿಗೆ ನೊರೆ ಬರುವುದಿಲ್ಲ, ಬೆಂಕಿ ಹತ್ತುವುದಿಲ್ಲ. ಅದು ತಿಳಿಯಾಗಿಯೇ ಇರುತ್ತದೆ. ಕಣ್ಣಿಗೆ ಕಾಣದ ಕೇಡನ್ನು ಕಾಣಿಸುವ ಕೆಲಸ ಅದಕ್ಕೇ ಹೆಚ್ಚು ಮುಖ್ಯ.

ಇದಕ್ಕೊಂದು ಆಕ್ಷೇಪ ಇದೆ, ಅದು ಹಗುರವಾದದ್ದಲ್ಲ. ನೀರು ಕೆಟ್ಟಿದೆ ಎಂದು ಸಾರಿದರೆ ಊರಿಗೆ ಹೆಸರು ಬರುತ್ತದೆ. ಹೊಲದ ಬೆಲೆ ಇಳಿಯಬಹುದು, ಆ ಊರಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡಬಹುದು. ಬೇರೆ ನೀರಿನ ದಾರಿ ಕಾಣಿಸದೆ ಕೆಟ್ಟ ಸುದ್ದಿ ಮಾತ್ರ ಕೊಟ್ಟರೆ ಬಡವರಿಗೆ ಅದು ಇನ್ನೊಂದು ಭಾರ. ಈ ಮಾತು ನಿಜ. ಆದರೂ ಊರಿನ ಹೆಸರು ಊರಿನವರೆಲ್ಲ ಸೇರಿ ಹೊರುವ ಭಾರ. ಸೇರಿ ಹೊರುವವರು ಸೇರಿ ಕೇಳಲೂ ಬಲ್ಲರು. ಶುದ್ಧ ನೀರಿನ ಘಟಕ ಕೆಟ್ಟು ನಿಂತಾಗ ಅದನ್ನು ರಿಪೇರಿ ಮಾಡಿಸಿ ಎಂದು ಪಂಚಾಯತಿಯ ಮುಂದೆ ಕೂರಬೇಕಾದರೆ, ಅದು ಬೇಕಾಗಿದೆ ಎಂಬುದಾದರೂ ಗೊತ್ತಿರಬೇಕು. ಗೊತ್ತಿಲ್ಲದವರು ನಾಣ್ಯ ಹಾಕಿ ನೀರು ತರುವುದನ್ನು ಶೋಕಿ ಎಂದುಕೊಂಡು ಬೋರಿನ ನೀರನ್ನೇ ಕುಡಿಯುತ್ತಾರೆ.

ಈಗ ಆ ಹುಡುಗಿಯ ಹನಿ ರಕ್ತಕ್ಕೆ ಬರೋಣ. ನೀರಿಗೆ ಹೇಳಿದ ನ್ಯಾಯವನ್ನೇ ರಕ್ತಕ್ಕೂ ಹಚ್ಚಿದರೆ ಏನಾಗುತ್ತದೆ? ಆ ತಪ್ಪನ್ನು ಜಗತ್ತಿನ ಅತಿ ದೊಡ್ಡ ರಸಾಯನಶಾಸ್ತ್ರಜ್ಞರಲ್ಲಿ ಒಬ್ಬ ಮಾಡಿದ್ದಾನೆ.

ಲೈನಸ್ ಪಾಲಿಂಗ್ 1949ರಲ್ಲಿ ತನ್ನ ಸಂಗಡಿಗರ ಜೊತೆ ಒಂದು ಲೇಖನ ಪ್ರಕಟಿಸಿದ. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯಲ್ಲಿ ದುಂಡಗಿರಬೇಕಾದ ಕೆಂಪು ಕಣಗಳು ಕುಡಗೋಲಿನಂತೆ ಬಾಗುತ್ತವೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ತಡೆಯಲಾಗದ ನೋವು ಕೊಡುತ್ತವೆ. ಅದಕ್ಕೆ ಕಾರಣ ಹಿಮೋಗ್ಲೋಬಿನ್ ಅಣುವಿನಲ್ಲೇ ಇರುವ ವ್ಯತ್ಯಾಸ ಎಂದು ಆ ಲೇಖನ ತೋರಿಸಿತು. ಒಂದು ಕಾಯಿಲೆಯನ್ನು ಒಂದು ಅಣುವಿನವರೆಗೆ ಹಿಂಬಾಲಿಸಿ ಹೋದದ್ದು ಅದೇ ಮೊದಲು. ಆಮೇಲೆ ವರ್ನನ್ ಇಂಗ್ರಾಮ್ ಇನ್ನೂ ಒಳಗೆ ಹೋಗಿ, ಬದಲಾಗಿರುವುದು ಒಂದೇ ಒಂದು ಅಮೈನೋ ಆಮ್ಲ ಎಂದು ಕಂಡುಹಿಡಿದ. 146 ಮಣಿಗಳ ಸರದಲ್ಲಿ ಆರನೆಯದು ಬೇರೆ, ಅಷ್ಟೇ. ತಂದೆ ತಾಯಿ ಇಬ್ಬರಿಂದಲೂ ಈ ಗುಣ ಬಂದರೆ ಮಗುವಿಗೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಅವರು ವಾಹಕರು, ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಮಲೇರಿಯಾ ಇರುವ ನಾಡಿನಲ್ಲಿ ಆ ಗುಣವೇ ಅವರಿಗೆ ಒಂದಿಷ್ಟು ರಕ್ಷಣೆ ಕೊಡುತ್ತದೆ ಎಂದು 1954ರಲ್ಲಿ ಆಂಥನಿ ಆಲಿಸನ್ ತೋರಿಸಿದ.

1968ರಲ್ಲಿ ಪಾಲಿಂಗ್ ಒಂದು ಸಲಹೆ ಕೊಟ್ಟ. ಈ ಗುಣವಿರುವ ಪ್ರತಿಯೊಬ್ಬ ಯುವಕ ಯುವತಿಯ ಹಣೆಯ ಮೇಲೆ ಹಚ್ಚೆ ಹಾಕಬೇಕು. ಹಾಗೆ ಮಾಡಿದರೆ ಇಬ್ಬರು ವಾಹಕರು ಒಬ್ಬರನ್ನೊಬ್ಬರು ನೋಡಿದ ಕೂಡಲೇ ಗುರುತಿಸಿ, ಪ್ರೀತಿಸುವುದನ್ನು ತಪ್ಪಿಸಬಹುದು ಎಂಬುದು ಅವನ ವಾದ. ಅವನ ಮನಸ್ಸಿನಲ್ಲಿ ಇದ್ದದ್ದು ನೋವಿನಿಂದ ನರಳುವ ಮಕ್ಕಳ ಬಗೆಗಿನ ಮರುಕವೇ. ಆದರೆ ಆ ಗುಣ ಅಮೆರಿಕದಲ್ಲಿ ಹೆಚ್ಚಾಗಿ ಇದ್ದದ್ದು ಕಪ್ಪು ಜನರಲ್ಲಿ. ಮುಂದಿನ ಕೆಲವೇ ವರ್ಷಗಳಲ್ಲಿ ಅಲ್ಲಿನ ಹಲವು ರಾಜ್ಯಗಳು ರಕ್ತ ಪರೀಕ್ಷೆಯನ್ನು ಕಡ್ಡಾಯ ಮಾಡಿದವು. ಆರೋಗ್ಯವಂತ ವಾಹಕರಿಗೆ ಕೆಲಸ ಸಿಗಲಿಲ್ಲ, ವಿಮೆ ಸಿಗಲಿಲ್ಲ. ಹಚ್ಚೆ ಹಾಕದಿದ್ದರೂ ಹಣೆಬರಹ ಬರೆದ ಹಾಗೇ ಆಯಿತು.

ನನ್ನನ್ನು ಕಾಡುವ ಸಂಗತಿ ಬೇರೆ. ಇದೇ ಪಾಲಿಂಗ್ ಅದಕ್ಕೆ ಹತ್ತು ವರ್ಷ ಮೊದಲು ಅಣುಬಾಂಬ್ ಪರೀಕ್ಷೆಗಳ ವಿರುದ್ಧ ಸಾವಿರಾರು ವಿಜ್ಞಾನಿಗಳ ಸಹಿ ಕೂಡಿಸಿ ವಿಶ್ವಸಂಸ್ಥೆಗೆ ಕೊಟ್ಟಿದ್ದ. ಗಾಳಿಗೆ ಸೇರಿದ ವಿಕಿರಣದ ದೂಳು ಹುಲ್ಲಿನ ಮೇಲೆ ಬಿದ್ದು, ಹಸುವಿನ ಹಾಲಿಗೆ ಬಂದು, ಮಕ್ಕಳ ಮೂಳೆ ಸೇರುತ್ತದೆ ಎಂದು ಊರೂರಿಗೆ ಹೋಗಿ ಹೇಳಿದ. ಸರ್ಕಾರ ಮುಚ್ಚಿಟ್ಟುಕೊಳ್ಳಲು ನೋಡಿದ ಲೆಕ್ಕವನ್ನು ಬಯಲು ಮಾಡಿದ. ರಸಾಯನಶಾಸ್ತ್ರದ ನೊಬೆಲ್ ಪಡೆದಿದ್ದ ಅವನಿಗೆ ಶಾಂತಿಯ ನೊಬೆಲ್ಲೂ ಬಂತು. ಅಂದರೆ ಒಬ್ಬನೇ ಮನುಷ್ಯ, ಒಂದೇ ಬಗೆಯ ಕಾಳಜಿಯಿಂದ, ಎರಡು ಬಾರಿ "ಎಲ್ಲರಿಗೂ ಗೊತ್ತಾಗಲಿ" ಅಂದ. ಒಮ್ಮೆ ಸರಿಯಾಗಿತ್ತು, ಇನ್ನೊಮ್ಮೆ ತಪ್ಪಾಗಿತ್ತು. ಮೊದಲನೆಯದು ಎಲ್ಲರೂ ಕುಡಿಯುವ ಹಾಲಿನ ಮಾತು. ಎರಡನೆಯದು ಒಬ್ಬೊಬ್ಬರ ಮೈಯ ಮಾತು.

ಹಾಲು, ನೀರು, ಗಾಳಿ ನಮ್ಮ ನಡುವೆ ಇರುವಂಥವು. ಅವುಗಳಲ್ಲಿ ಏನಿದೆ ಎಂಬ ತಿಳಿವಳಿಕೆಯಿಂದ ಯಾರಾದರೂ ಏನಾದರೂ ಮಾಡಬಹುದು. ಗುಂಡಿ ದೂರ ತೋಡಬಹುದು, ಗೊಬ್ಬರವನ್ನು ಬೆಳೆಗೆ ಬೇಕಾದ ಹೊತ್ತಿಗೆ ಬೇಕಾದಷ್ಟೇ ಹಾಕಬಹುದು, ಬೇರೆ ನೀರು ತರಬಹುದು. ರಕ್ತದಲ್ಲಿ ಏನಿದೆ ಎಂಬ ತಿಳಿವಳಿಕೆಯಿಂದ ಏನಾದರೂ ಮಾಡಬಲ್ಲವರು ಆ ರಕ್ತದವರು ಮತ್ತು ಅವರು ಯಾರ ಜೊತೆ ಬಾಳಬೇಕೆಂದಿದ್ದಾರೋ ಅವರು. ಉಳಿದವರು ಅದನ್ನು ತಿಳಿದು ಮಾಡಬಹುದಾದದ್ದು ದೂರ ಸರಿಯುವುದು ಮಾತ್ರ. ನೀರಿನ ಫಲಿತಾಂಶ ಊರಿನದು, ರಕ್ತದ ಫಲಿತಾಂಶ ಒಬ್ಬರದು. ನಾವು ಮಾಡುತ್ತಿರುವುದು ತಿರುಗುಮುರುಗು. ನೀರಿನದು ಫೈಲಿನೊಳಗೆ, ರಕ್ತದ್ದು ಕಟ್ಟೆಯ ಮೇಲೆ.

ಕಾನೂನಿಗೆ ಈ ಭೇದ ಗೊತ್ತಿಲ್ಲವೆಂದಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಸಾರ್ವಜನಿಕ ವಿಷಯಗಳನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಿ ಎನ್ನುತ್ತದೆ. ಅದೇ ಕಾಯ್ದೆ ವೈಯಕ್ತಿಕ ಮಾಹಿತಿಗೆ ಬೇಲಿಯನ್ನೂ ಹಾಕುತ್ತದೆ. ಮನುಷ್ಯರ ಮೇಲಿನ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರತಂದ ನೀತಿಸೂತ್ರಗಳಲ್ಲಿ ಒಪ್ಪಿಗೆ, ಗೌಪ್ಯತೆ ಎರಡೂ ಇವೆ. ರಕ್ತ ತೆಗೆಯುವಾಗ ಸಹಿ ಹಾಕಿಸಿಕೊಳ್ಳುತ್ತಾರೆ. ಬಾವಿಯ ಪರವಾಗಿ ಸಹಿ ಕೇಳುವವರಿಲ್ಲ.

ಸಹಿ ಇದ್ದರೂ ಋಣ ಮುಗಿಯುವುದಿಲ್ಲ. 1990ರ ಸುಮಾರಿಗೆ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ಹವಾಸುಪಾಯಿ ಎಂಬ ಬುಡಕಟ್ಟಿನವರ ರಕ್ತ ತೆಗೆದುಕೊಂಡರು. ಆ ಜನ ಕೊಟ್ಟದ್ದು ಮಧುಮೇಹಕ್ಕೆ ಪರಿಹಾರ ಸಿಗಲಿ ಎಂದು. ಆ ರಕ್ತವನ್ನು ಮುಂದೆ ಮನೋರೋಗ, ವಲಸೆಯ ಇತಿಹಾಸ, ರಕ್ತಸಂಬಂಧದ ಮದುವೆಗಳ ಅಧ್ಯಯನಕ್ಕೂ ಬಳಸಿದರು. ವಿಷಯ ಗೊತ್ತಾದಾಗ ಅವರು ಕೋರ್ಟಿಗೆ ಹೋದರು. 2010ರಲ್ಲಿ ರಾಜಿಯಾಗಿ ಪರಿಹಾರದ ಹಣದ ಜೊತೆ ಉಳಿದ ರಕ್ತವನ್ನೂ ಅವರಿಗೆ ವಾಪಸು ಕೊಡಲಾಯಿತು. ಹಣಕ್ಕಿಂತ ಆ ರಕ್ತ ಹೊಳ್ಳಿ ಬಂದದ್ದೇ ಅವರಿಗೆ ದೊಡ್ಡದಾಗಿ ಕಂಡಿರಬೇಕು.

ನಮ್ಮ ನೆರೆಯಲ್ಲೇ ಇಂಥ ಕಥೆ ಶುರುವಾಗಿದೆ. ಭಾರತದಲ್ಲಿ ಕುಡಗೋಲು ಕಣವನ್ನು ಮೊದಲು ವರದಿ ಮಾಡಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ರಕ್ತದ ಗುಣಗಳಿಂದ ಜನಾಂಗಗಳ ಮೂಲ ಹುಡುಕುವ ಕುತೂಹಲದ ಕಾಲ ಅದು. ಆಮೇಲೆ ಅದೇ ಜ್ಞಾನ ಬೇರೆ ರೀತಿಯಲ್ಲೂ ಕೆಲಸ ಮಾಡಿತು. 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಈ ಕಾಯಿಲೆಯನ್ನು ಗುರುತಿಸಿ, ಅಲ್ಲೇ ಚಿಕಿತ್ಸೆಯನ್ನೂ ಕೊಟ್ಟಿತು. ಅಲ್ಲಿ ರಕ್ತ ತೆಗೆದುಕೊಂಡವರೇ ಉಳಿದು ಮದ್ದು ಕೊಟ್ಟರು. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನೆಯ ಅಭಿಯಾನ ಶುರುಮಾಡಿತು. ಆದಿವಾಸಿ ಪ್ರದೇಶಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ ಅದರ ಗುರಿ. ಪರೀಕ್ಷೆಯಾದವರಿಗೆ ಕಾರ್ಡು ಸಿಗುತ್ತದೆ. ಇದು ಒಳ್ಳೆಯ ಕೆಲಸ. ಆ ಕಾರ್ಡು ಯಾರ ಜೇಬಿನಲ್ಲಿ ಇರುತ್ತದೆ, ಅದನ್ನು ತೋರಿಸು ಎಂದು ಕೇಳುವ ಹಕ್ಕು ಯಾರಿಗಿದೆ ಎಂಬುದರ ಮೇಲೆ ಅದು ಸೋಲಿಗರ ಹುಡುಗಿಗೆ ಆಸರೆಯಾಗುತ್ತದೋ, ಪಾಲಿಂಗನ ಹಚ್ಚೆಯಾಗುತ್ತದೋ ತೀರ್ಮಾನವಾಗುತ್ತದೆ.

ಮದುವೆಯಾಗುವವರಿಂದ ಮುಚ್ಚಿಡಬಹುದೇ? ಬಾರದು ಎಂದೇ ನನಗೆ ಅನ್ನಿಸುತ್ತದೆ. ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಹುಟ್ಟಲಿರುವ ಮಗುವಿಗೂ ಒಂದು ಋಣ ಇದೆ. ಆದರೆ ಅದನ್ನು ತೀರಿಸಬೇಕಾದವರು ಆ ಇಬ್ಬರು, ಹೇಳಬೇಕಾದ ಬಾಯಿಯೂ ಅವರದೇ. ಅವರ ಬದಲು ಓಣಿ ಮಾತಾಡಿದರೆ ಅದು ಋಣ ತೀರಿಸಿದಂತಾಗುವುದಿಲ್ಲ.

ಹೀಗೆಲ್ಲ ಯೋಚಿಸಿಕೊಂಡೇ ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಜಲಜೀವನ ಮಿಷನ್‌ನಲ್ಲಿ ಪ್ರತಿ ಊರಿನ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಮಾಡುವುದನ್ನು ಕಲಿಸಿ, ಕಿಟ್ ಕೊಡುವ ವ್ಯವಸ್ಥೆ ಇದೆ. ಹಾಗೆ ಕಲಿತ ಅಕ್ಕ ಒಬ್ಬರು ಪಕ್ಕದ ಓಣಿಯಲ್ಲೇ ಇದ್ದರು. ಕರೆದಾಗ ಬಂದರು. ಬೋರಿನ ನೀರನ್ನು ಸಣ್ಣ ಕೊಳವೆಗೆ ಹಾಕಿ, ಪುಡಿ ಬೆರೆಸಿ ಅಲ್ಲಾಡಿಸಿ, ಕೆಲವು ನಿಮಿಷ ಇಟ್ಟರು. ಹತ್ತೊಂಬತ್ತನೆಯ ಶತಮಾನದಲ್ಲಿ ಪೀಟರ್ ಗ್ರೀಸ್ ಎಂಬ ರಸಾಯನಶಾಸ್ತ್ರಜ್ಞ ಕಂಡುಹಿಡಿದ ಕ್ರಿಯೆಯ ಸಂತಾನ ಅದು. ನೈಟ್ರೇಟ್ ಇದ್ದಷ್ಟೂ ಬಣ್ಣ ಗುಲಾಬಿಯಾಗುತ್ತದೆ. ನಮ್ಮ ಕೊಳವೆ ಕಡು ಗುಲಾಬಿಯಾಯಿತು. ಕಾರ್ಡಿನ ಬಣ್ಣಕ್ಕೆ ಹಿಡಿದು ನೋಡಿ ಅಕ್ಕ ಹೇಳಿದರು, "ನಲವತ್ತೈದು ದಾಟ್ಯದ್ರಿ ಕಾಕಾ. ಪಕ್ಕಾ ಬೇಕಂದ್ರ ಲ್ಯಾಬಿಗಿ ಕಳಸಬೇಕು."

ಬೀದರಿನ ಬಿದರಿ ಕೆಲಸದವರು ಸತುವಿನ ಪಾತ್ರೆಗೆ ಕಪ್ಪು ಬಣ್ಣ ಬರಿಸಲು ಕೋಟೆಯ ಮಣ್ಣು ಬಳಸುತ್ತಾರೆ. ಮಣ್ಣು ಸರಿಯಿದೆಯೇ ಎಂದು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಆ ಅಕ್ಕನನ್ನು ನೋಡುತ್ತ ನನಗೆ ಅದು ನೆನಪಾಯಿತು. ಅವರೂ ಇದೇ ನೆಲದ ನೀರು ಕುಡಿಯುವವರು. ಪರೀಕ್ಷೆ ಮಾಡಿದವರು ಜೀಪು ಹತ್ತಿ ಹೋಗುವ ಪ್ರಶ್ನೆಯೇ ಇಲ್ಲ.

ಆದರೆ ಕಾಕಾ ಅವರ ಮುಖ ಬಿಗಿಯಾಗಿತ್ತು. ಅಕ್ಕ ಹೋದ ಮೇಲೆ ನನ್ನ ಕಡೆ ತಿರುಗಿ, "ಇದು ಊರಾಗ ಹೇಳಬ್ಯಾಡ ತಮ್ಮಾ. ನಾಕು ಮನಿಯವ್ರು ಈ ಬೋರಿನ ನೀರ ಒಯ್ತಾರ. ನಾಳಿ ಎಲ್ಲಾ ನನ್ನ ಮ್ಯಾಲ ಬರ್ತದ" ಅಂದರು. ಸುದ್ದಿ ತರಲಿಲ್ಲ ಎಂದು ವರ್ಷಗಟ್ಟಲೆ ಬೈದವರು ಇವರೇ. ನಾನು ವಾದ ಮಾಡಲಿಲ್ಲ. ಜೀಪಿನವರ ಬಗ್ಗೆ ನನಗಿದ್ದ ಸಿಟ್ಟು ಸ್ವಲ್ಪ ಇಳಿಯಿತು ಎನ್ನುವುದನ್ನು ಮಾತ್ರ ಒಪ್ಪಿಕೊಳ್ಳಬೇಕು. ಸುದ್ದಿ ಕೈಗೆ ಬಂದ ಕೂಡಲೇ ಅದನ್ನು ಮುಚ್ಚಿಟ್ಟುಕೊಳ್ಳುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಕಾಕಾ ಅವರಿಗೆ ಅಪವಾದದ ಹೆದರಿಕೆ. ಜೀಪಿನವರಿಗೆ ಏನಿತ್ತೋ.

ಸಂಜೆ ಕೊಡ ತುಂಬುವ ಹೊತ್ತಿಗೆ ಪಕ್ಕದ ಮನೆಯ ಸೊಸೆ ಬಂದಳು. ಅವಳ ಕೂಸಿಗೆ ಇನ್ನೂ ನಾಲ್ಕು ತಿಂಗಳು. ಎದೆಹಾಲು ಸಾಲದೆ ಪುಡಿ ಹಾಲು ಕಲಸಿ ಕೊಡುತ್ತಾರೆ. ಕಾಕಾ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದರು. ಅವಳು ಅರ್ಧ ಕೊಡ ತುಂಬುವವರೆಗೂ ಸುಮ್ಮನಿದ್ದರು. ಆಮೇಲೆ ಅಂದರು: "ಕೂಸಿನ ಹಾಲಿಗಿ ಈ ನೀರ ಹಾಕಬ್ಯಾಡವ್ವಾ. ಕಾಸಿದ್ರೂ ನಡ್ಯಾಂಗಿಲ್ಲ. ಘಟಕದ ನೀರ ತರಸು. ನಿಮ್ಮ ಮಾವಗ ನಾನೇ ಬಂದು ಹೇಳ್ತೀನಿ, ಉಳದ ಮನಿಯವ್ರಿಗೂ ಹೇಳ್ತೀನಿ."

ಅವಳು ಯಾಕೆಂದು ಕೇಳಿದಳು. ಕಾಕಾ ಗುಲಾಬಿ ಬಣ್ಣದ ಆ ಕೊಳವೆಯನ್ನು ಕಟ್ಟೆಯ ಮೇಲಿನಿಂದ ಎತ್ತಿ ತೋರಿಸಿದರು.